ಜೂನ್ 1ಕ್ಕೆ ಹುಟ್ಟಿದ ಹುಡುಗರು: ಶಾಲಾ ತಂಡಕ್ಕೆ ಯಾರನ್ನ ಆರಿಸೋದು?

ಎರ್ಮಾಳಿನಿಂದ ಮಾತಾಡ್ತಾ ಇದ್ದೇನೆ. ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಉಡುಪಿ ಕಡೆ ಹೊರಟವರಿಗೂ, ಮಣಿಪಾಲದ ಹಾಸ್ಟೆಲಲ್ಲಿ ಮಲಗಿ ಕೇಳ್ತಾ ಇರೋರಿಗೂ ಸ್ವಾಗತ.

ಇವತ್ತಿನ ಪ್ರಶ್ನೆ ಒಂದೇ. ಹದಿಮೂರು-ಹದಿನಾಲ್ಕು ವರ್ಷದ ಐವತ್ತು ಹುಡುಗರು ಮೈದಾನದಲ್ಲಿ ಸಾಲಾಗಿ ನಿಂತಿದ್ದಾರೆ. ತಂಡಕ್ಕೆ ಬೇಕಾದದ್ದು ಹನ್ನೆರಡು ಜನ. ಯಾರನ್ನ ಆರಿಸೋದು, ಯಾವ ಲೆಕ್ಕದಲ್ಲಿ?

ಈ ಪ್ರಶ್ನೆಗೆ ಜಗತ್ತಲ್ಲಿ ತುಂಬಾ ತಲೆ ಕೆಡಿಸ್ಕೊಂಡವರು ರಗ್ಬಿಯವರು. ಕಾರಣ ಸರಳ. ಅದು ಮೈಗೆ ಮೈ ತಾಗಿಸಿ ಆಡೋ ಆಟ. ಮೀಸೆ ಚಿಗುರಿದ ಹುಡುಗ ಓಡಿ ಬಂದು ಗುದ್ದಿದ್ರೆ, ಇನ್ನೂ ಮಗುವಿನ ಮೈಯಲ್ಲೇ ಇರೋ ಅದೇ ಕ್ಲಾಸಿನ ಹುಡುಗ ಎರಡು ಮಾರು ಆಚೆ ಬೀಳ್ತಾನೆ. ಹಾಗಾಗಿ ನ್ಯೂಜಿಲೆಂಡಲ್ಲಿ ಮಕ್ಕಳ ರಗ್ಬಿಗೆ ವಯಸ್ಸಿನ ಜೊತೆ ತೂಕವನ್ನೂ ನೋಡಿ ಗುಂಪು ಮಾಡೋ ಪದ್ಧತಿ ಬೆಳೀತು.

ನಮ್ಮಲ್ಲಿ ರಗ್ಬಿ ಇಲ್ಲ, ನಮಗ್ಯಾಕೆ ಅಂತೀರಾ? ನಮ್ಮಲ್ಲಿ ಕಬಡ್ಡಿ ಇದೆ ಮಾರಾಯ್ರೆ! 2012ರಲ್ಲಿ ಮೊದಲ ಮಹಿಳಾ ಕಬಡ್ಡಿ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಮಮತಾ ಪೂಜಾರಿ ನಮ್ಮ ಕಾರ್ಕಳದ ಹೆರ್ಮುಂಡೆಯವರು. ರಗ್ಬಿಯಲ್ಲಿರೋ ಹಿಡಿತ, ಗುದ್ದಾಟ, ಎಳೆದಾಟ ಎಲ್ಲ ಇಲ್ಲೂ ಇದೆ. ಸಮಸ್ಯೆನೂ ಅದೇ.

ಮೊದಲ ಅಳತೆ: ಕಾಗದ

ಶಾಲಾ ಕ್ರೀಡೆಯ ಏಣಿ ನಿಮಗೆಲ್ಲ ಗೊತ್ತು. ವಲಯ, ತಾಲೂಕು, ಜಿಲ್ಲೆ, ಆಮೇಲೆ ಮೈಸೂರು ವಿಭಾಗ, ರಾಜ್ಯ. ಅದರ ತುದಿಯಲ್ಲಿ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ಅದನ್ನ ನಡೆಸೋಕೆ ಅಂತ 1954ರಲ್ಲಿ ಸ್ಕೂಲ್ ಗೇಮ್ಸ್ ಫೆಡರೇಶನ್ ಆಫ್ ಇಂಡಿಯಾ ಶುರುವಾಯ್ತು. ಹದಿನಾಲ್ಕರ ಒಳಗೆ, ಹದಿನೇಳರ ಒಳಗೆ, ಹತ್ತೊಂಬತ್ತರ ಒಳಗೆ, ಹೀಗೆ ವಯಸ್ಸಿನ ಮೇಲೆ ಗುಂಪು.

ವಯಸ್ಸಿಗೆ ಸಾಕ್ಷಿ ಏನು? ಶಾಲೆಯ ದಾಖಲಾತಿ ಪುಸ್ತಕ. ಇಲ್ಲೇ ತಮಾಷೆ ಇರೋದು. ನಿಮ್ಮ ಅಪ್ಪ, ದೊಡ್ಡಪ್ಪ, ಮಾವ ಇವರಲ್ಲಿ ಯಾರಾದ್ರೂ ಒಬ್ಬರ ಹುಟ್ಟಿದ ದಿನ ಜೂನ್ 1 ಆಗಿರ್ಬೇಕು ನೋಡಿ. ಶಾಲೆಗೆ ಸೇರಿಸುವಾಗ ತಾರೀಕು ಗೊತ್ತಿಲ್ಲ, ‘ದೊಡ್ಡ ಮಳೆ ಬಂದ ವರ್ಷ’ ಅಂತ ಅಜ್ಜಿ ಹೇಳ್ತಾರೆ. ಮಾಸ್ಟ್ರು ಲೆಕ್ಕಕ್ಕೆ ಸರಿಯಾಗೋ ಹಾಗೆ ಜೂನ್ 1 ಅಂತ ಬರೀತಾರೆ. ಯಾಕಂದ್ರೆ ಶಾಲೆ ಸೇರೋ ವಯಸ್ಸನ್ನ ಎಣಿಸೋದೇ ಆ ದಿನಕ್ಕೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದು ಹಳ್ಳಿ ಮನೆಗಳಿಗೆ ಅಭ್ಯಾಸ ಆಗೋಕೆ ಇನ್ನೂ ಎಷ್ಟೋ ವರ್ಷ ಬೇಕಾಯ್ತು.

ಆ ಜೂನ್ 1 ಮೋಸ ಅಲ್ಲ, ಅನಿವಾರ್ಯ. ಆದ್ರೆ ಕಾಗದವನ್ನ ಬೇಕಾದ ಹಾಗೆ ಬರೀಬಹುದು ಅಂತ ಗೊತ್ತಾದ ಮೇಲೆ ಮೋಸವೂ ಬಂತು. ಎರಡು ವರ್ಷ ಕಡಿಮೆ ಬರೆಸಿದ್ರೆ ಮಗ ಮೈದಾನದಲ್ಲಿ ರಾಜ. ಇದು ಎಷ್ಟು ಹಬ್ಬಿತು ಅಂದ್ರೆ, 2010ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ವಯಸ್ಸಿನ ವಂಚನೆ ವಿರುದ್ಧವೇ ಒಂದು ರಾಷ್ಟ್ರೀಯ ಸಂಹಿತೆ ತಂತು.

ಎರಡನೇ ಅಳತೆ: ತಕ್ಕಡಿ

ಕಬಡ್ಡಿಯವರು ಇದಕ್ಕೆ ತಮ್ಮದೇ ಉತ್ತರ ಕಂಡ್ಕೊಂಡ್ರು. ಅಖಿಲ ಭಾರತ ಕಬಡ್ಡಿ ಫೆಡರೇಶನ್ ಹುಟ್ಟಿದ್ದು 1950ರಲ್ಲಿ. ಆಟ ಬೆಳೀತಾ ಹೋದ ಹಾಗೆ ವಯಸ್ಸಿನ ಜೊತೆ ತೂಕದ ಮಿತಿಯೂ ಸೇರ್ಕೊಳ್ತು. ಸಬ್ ಜೂನಿಯರ್ ಹುಡುಗರಿಗೆ 16 ವರ್ಷ, 55 ಕೆ.ಜಿ. ನಮ್ಮೂರ ಹೊನಲು ಬೆಳಕಿನ ಪಂದ್ಯಾಟದ ಪೋಸ್ಟರಲ್ಲೂ ‘55 ಕೆ.ಜಿ. ವಿಭಾಗ’ ಅಂತ ದಪ್ಪಕ್ಷರದಲ್ಲಿ ಇರುತ್ತೆ. ಕಾಗದ ಸುಳ್ಳು ಹೇಳಬಹುದು, ತಕ್ಕಡಿ ಹೇಳಲ್ಲ ಅನ್ನೋ ತರ್ಕ. ಒಳ್ಳೆಯ ತರ್ಕವೇ. ಸಣಕಲು ಹುಡುಗನಿಗೂ ಜಾಗ ಸಿಕ್ತು.

ಆದ್ರೆ ತಕ್ಕಡಿಗೂ ಒಂದು ಬೆಲೆ ಇದೆ, ಅದನ್ನ ಕಟ್ಟೋದು ಮಕ್ಕಳು. ಮಿತಿಗಿಂತ ಒಂದೂವರೆ ಕೆ.ಜಿ. ಜಾಸ್ತಿ ಇರೋ ಹುಡುಗ ಏನು ಮಾಡ್ತಾನೆ? ಹಿಂದಿನ ರಾತ್ರಿ ಊಟ ಬಿಡ್ತಾನೆ. ನೀರು ಬಿಡ್ತಾನೆ. ಬಿಸಿಲಲ್ಲಿ ಸ್ವೆಟರ್ ಹಾಕಿ ಓಡ್ತಾನೆ. 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ವಿನೇಶ್ ಫೋಗಟ್ ಬರೀ 100 ಗ್ರಾಂ ಜಾಸ್ತಿ ಆಗಿ ಫೈನಲ್ ಕಳ್ಕೊಂಡದ್ದನ್ನ ನಾವೆಲ್ಲ ಇದೇ ಮೊಬೈಲಲ್ಲಿ ನೋಡಿ ಅತ್ತವರು. ಅವರ ಜೊತೆ ಡಾಕ್ಟರು, ಕೋಚು ಎಲ್ಲ ಇದ್ರು. ಎಂಟನೇ ಕ್ಲಾಸಿನ ಹುಡುಗನ ಜೊತೆ ಯಾರಿದ್ದಾರೆ?

ಇದು ಜೀವದ ಪ್ರಶ್ನೆ. 1997ರ ಕೊನೆಗೆ ಅಮೆರಿಕದಲ್ಲಿ ಕೆಲವೇ ವಾರಗಳ ಒಳಗೆ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸಲು ಹೋಗಿ ಸತ್ತರು. ಆಮೇಲೆ ಅಲ್ಲಿನ ನಿಯಮ ಬದಲಾಯ್ತು. ತೂಕ ನೋಡೋದನ್ನ ಪಂದ್ಯದ ಹತ್ತಿರಕ್ಕೆ ತಂದರು, ದೇಹದಲ್ಲಿ ನೀರಿನಂಶ ಇದೆಯಾ ಅಂತ ಪರೀಕ್ಷೆ ಮಾಡೋಕೆ ಶುರು ಮಾಡಿದರು. ನಮ್ಮ ಶಾಲಾ ಮೈದಾನದಲ್ಲಿ ತಕ್ಕಡಿ ಮಾತ್ರ ಇದೆ.

ಮೂರನೇ ಅಳತೆ: ಎಲುಬು

ಮೂರನೆಯದು ಕ್ರಿಕೆಟ್‌ನವರ ದಾರಿ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು, ಎಲುಬು ಎಷ್ಟು ಬಲಿತಿದೆ ಅಂತ ನೋಡೋದು. 1950ರಲ್ಲಿ ಅಮೆರಿಕದ ಗ್ರೂಲಿಚ್ ಮತ್ತು ಪೈಲ್ ಇದಕ್ಕೊಂದು ಚಿತ್ರಸಂಪುಟ ಮಾಡಿದರು. ಅದರಲ್ಲಿದ್ದದ್ದು ಕ್ಲೀವ್‌ಲ್ಯಾಂಡ್ ಊರಿನ, ಉಣ್ಣಲು ಉಡಲು ಕೊರತೆ ಇಲ್ಲದ ಮನೆಗಳ ಮಕ್ಕಳ ಕೈಗಳು. ಲಂಡನ್ನಿನ ಟ್ಯಾನರ್ ಮತ್ತು ವೈಟ್‌ಹೌಸ್ ಇನ್ನೊಂದು ವಿಧಾನ ತಂದರು. ಅದರ ಮೂರನೇ ಆವೃತ್ತಿ, ಟಿ.ಡಬ್ಲ್ಯೂ. 3, ಬಂದದ್ದು 2001ರಲ್ಲಿ. ಬಿ.ಸಿ.ಸಿ.ಐ. ಹದಿನಾರರ ಒಳಗಿನ ಹುಡುಗರಿಗೆ ಬಳಸೋಕೆ ಶುರು ಮಾಡಿದ್ದು ಇದನ್ನೇ.

2015ರ ಡಿಸೆಂಬರಲ್ಲಿ ದಿಲ್ಲಿಯ ಪಟೌಡಿ ಉಪನ್ಯಾಸದಲ್ಲಿ ನಮ್ಮ ರಾಹುಲ್ ದ್ರಾವಿಡ್ ಇದೇ ವಿಷಯ ಎತ್ತಿದ್ರು. ವಯಸ್ಸು ಸುಳ್ಳು ಹೇಳಿದ ಹುಡುಗ ಗೆಲ್ಲೋದು ಪ್ರತಿಭೆಯಿಂದ ಇರಲಿಕ್ಕಿಲ್ಲ, ಬರೀ ಮೈಕಟ್ಟಿನಿಂದ ಇರಬಹುದು, ಅವನ ಪಕ್ಕದಲ್ಲಿ ಪ್ರಾಮಾಣಿಕವಾಗಿ ಆಡಿದವನು ಹೊರಗೆ ಹೋಗ್ತಾನೆ ಅನ್ನೋದು ಅವರ ಮಾತಿನ ಸಾರ.

ಆದ್ರೆ ಗಮನಿಸಿ. ಎಲುಬು ಹೇಳೋದು ಹುಟ್ಟಿದ ದಿನವನ್ನಲ್ಲ, ಬೆಳೆದ ಮಟ್ಟವನ್ನ. ನಿಜವಾಗಿಯೂ ಹದಿನಾಲ್ಕು ವರ್ಷದ, ಆದ್ರೆ ಬೇಗ ಬೆಳೆದ ಹುಡುಗನ ಎಲುಬು ಹದಿನಾರು ಅಂತ ತೋರಿಸಬಹುದು. ತಪ್ಪೇ ಮಾಡದವನು ತಪ್ಪಿತಸ್ಥನ ಹಾಗೆ ತಲೆ ತಗ್ಗಿಸಿ ಮನೆಗೆ ಹೋಗ್ತಾನೆ.

ಬ್ಯಾಲೆನ್ಸ್ ಶೀಟ್ ಮಾತ್ರ ಸಾಲಲ್ಲ

ನಾನು ಬಿ.ಕಾಂ. ಓದಿದವನು, ನನಗೆ ಅರ್ಥ ಆಗೋದು ಹೀಗೆ. ಬ್ಯಾಲೆನ್ಸ್ ಶೀಟ್ ಅಂದ್ರೆ ಮಾರ್ಚ್ 31ರ ಒಂದು ದಿನದ ಫೋಟೋ. ವ್ಯಾಪಾರ ಏರ್ತಾ ಇದೆಯಾ ಇಳೀತಾ ಇದೆಯಾ ಅಂತ ಅದೊಂದರಿಂದಲೇ ಗೊತ್ತಾಗಲ್ಲ. ಅದಕ್ಕೆ ಹಲವು ವರ್ಷಗಳ ಲೆಕ್ಕ ಪಕ್ಕಪಕ್ಕ ಇಟ್ಟು ನೋಡ್ಬೇಕು. ಕಾಗದ, ತಕ್ಕಡಿ, ಎಕ್ಸ್‌ರೇ ಮೂರೂ ಒಂದು ದಿನದ ಫೋಟೋಗಳೇ.

ಈ ಫೋಟೋ ಹೇಗೆ ಮೋಸ ಮಾಡುತ್ತೆ ಅಂತ 1985ರಲ್ಲಿ ಕೆನಡಾದ ರೋಜರ್ ಬಾರ್ನ್ಸ್‌ಲಿ ತೋರಿಸಿದ್ರು. ಅಲ್ಲಿನ ಐಸ್ ಹಾಕಿ ತಂಡಗಳಲ್ಲಿ ಜನವರಿ, ಫೆಬ್ರವರಿ, ಮಾರ್ಚಲ್ಲಿ ಹುಟ್ಟಿದವರೇ ಜಾಸ್ತಿ. ಕಾರಣ, ವಯಸ್ಸು ಎಣಿಸೋದು ಜನವರಿ 1ಕ್ಕೆ. ವರ್ಷದ ಮೊದಲು ಹುಟ್ಟಿದವನು ಕೊನೆಗೆ ಹುಟ್ಟಿದವನಿಗಿಂತ ಹನ್ನೊಂದು ತಿಂಗಳು ದೊಡ್ಡವನು. ಆಯ್ಕೆ ಮಾಡುವವರು ಆ ಹನ್ನೊಂದು ತಿಂಗಳನ್ನೇ ಪ್ರತಿಭೆ ಅಂತ ತಿಳ್ಕೊಂಡ್ರು.

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಶಾನ್ ಕಮಿಂಗ್ ಮತ್ತು ಜೊತೆಗಾರರು ಫುಟ್‌ಬಾಲ್ ಅಕಾಡೆಮಿಗಳಲ್ಲಿ ಬೇರೆ ಪ್ರಯೋಗ ಮಾಡಿದ್ರು. ಹುಡುಗರನ್ನ ವಯಸ್ಸಿನ ಬದಲು ಬೆಳವಣಿಗೆಯ ಮಟ್ಟ ನೋಡಿ ಆಡಿಸಿದ್ರು. ಬೇಗ ಬೆಳೆದವರಿಗೆ ಬರೀ ಬಲ ಸಾಲದೆ ಚಾಕಚಕ್ಯತೆ ಕಲೀಬೇಕಾಯ್ತು. ನಿಧಾನಕ್ಕೆ ಬೆಳೆಯುವವರಿಗೆ ತಮ್ಮ ಆಟ ತೋರಿಸೋಕೆ ಮೊದಲ ಸಲ ಅವಕಾಶ ಸಿಕ್ತು.

ಇದಕ್ಕೆಲ್ಲ ದುಡ್ಡೆಲ್ಲಿಂದ ಅಂತ ಪಿ.ಟಿ. ಮಾಸ್ಟ್ರು ಕೇಳಬಹುದು. ಬೇಕಾಗಿರೋದು ಒಂದು ಗೋಡೆ, ಒಂದು ಚಾಕ್, ಒಂದು ನೋಟ್‌ಬುಕ್. ಮೂರು ತಿಂಗಳಿಗೊಮ್ಮೆ ಎತ್ತರ ಬರೆದಿಟ್ರೆ ಸಾಕು. ರಭಸದಿಂದ ಬೆಳೆಯೋ ವರ್ಷ ಹುಡುಗ ಒಂಬತ್ತು-ಹತ್ತು ಸೆಂಟಿಮೀಟರ್ ಏರ್ತಾನೆ. ಆ ಏರಿಕೆ ಯಾರಿಗೆ ಬಂದು ಹೋಗಿದೆ, ಯಾರಿಗೆ ಇನ್ನೂ ಬರ್ಬೇಕು ಅಂತ ನೋಟ್‌ಬುಕ್ಕೇ ಹೇಳುತ್ತೆ. ಬರಬೇಕಾದವನಿಗೆ ‘ನೀನು ಬೇಡ’ ಅನ್ನೋ ಬದಲು ‘ಮುಂದಿನ ವರ್ಷ ಖಂಡಿತ ಬಾ’ ಅನ್ನಿ. ತಂಡದ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಹದಿಮೂರಕ್ಕೇ ಆಟ ಬಿಟ್ಟ ಹುಡುಗ ಹದಿನೇಳಕ್ಕೆ ಆರಡಿ ಬೆಳೆದ್ರೂ, ಮತ್ತೆ ಅಂಕಣದ ಕಡೆ ತಿರುಗಿ ನೋಡೋದು ಅಪರೂಪ.

ನಿಮ್ಮ ಮನೆಯಲ್ಲಿ ಎಷ್ಟು ಜನ ಜೂನ್ 1ಕ್ಕೆ ಹುಟ್ಟಿದವರಿದ್ದಾರೆ? ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೇನೆ. ಈ ಸಂಚಿಕೆಯನ್ನ ನಿಮ್ಮ ಹಳೆಯ ಪಿ.ಟಿ. ಮಾಸ್ಟ್ರಿಗೂ ಒಂದು ಫಾರ್ವರ್ಡ್ ಮಾಡಿ. ಬರ್ತೇನೆ, ನಮಸ್ಕಾರ.