ಉತ್ತರ ಕನ್ನಡದ ಸಿದ್ದಿ ಸಮುದಾಯ: ಮೂಲ, ಮಿಶ್ರಣ ಮತ್ತು ಒಂದು ಜನಾಂಗದ ರಚನೆ

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಜೋಯಿಡಾ, ಶಿರಸಿ ತಾಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ಚದುರಿ ನೆಲೆಸಿರುವ ಸಿದ್ದಿಗಳನ್ನು ಕುರಿತ ಬರಹಗಳು ಸಾಮಾನ್ಯವಾಗಿ ಅವರ ಗುಂಗುರು ಕೂದಲು ಮತ್ತು ಮುಖಚಹರೆಯ ವರ್ಣನೆಯಿಂದ ಆರಂಭವಾಗಿ, ಇವರು ಆಫ್ರಿಕಾ ಮೂಲದವರು ಎಂಬ ತೀರ್ಮಾನದಲ್ಲಿ ಮುಗಿಯುತ್ತವೆ. ತೀರ್ಮಾನ ಸರಿಯಾದದ್ದೇ. ಆದರೆ ಹಿಂದೂ, ಕ್ರೈಸ್ತ, ಇಸ್ಲಾಂ ಎಂಬ ಮೂರು ಧರ್ಮಗಳಲ್ಲಿ ಹಂಚಿಹೋಗಿ, ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಭಾಷೆಗಳನ್ನಾಡುವ, ಬೇರೆಬೇರೆ ಜಾತಿಯ ಭೂಮಾಲೀಕರ ಕೈಕೆಳಗೆ ತಲೆಮಾರುಗಳನ್ನು ಕಳೆದ ಈ ಜನ ತಮ್ಮನ್ನು ಒಂದೇ ಸಮುದಾಯವೆಂದು ಹೇಗೆ ಗುರುತಿಸಿಕೊಂಡರು ಎಂಬುದನ್ನು ಅದು ವಿವರಿಸುವುದಿಲ್ಲ. ವಂಶಮೂಲವು ಈ ಒಗ್ಗಟ್ಟಿಗೆ ಸಾಮಗ್ರಿಯನ್ನು ಮಾತ್ರ ಒದಗಿಸಿತು, ಒಗ್ಗಟ್ಟು ರೂಪುಗೊಂಡದ್ದು ಘಟ್ಟದ ಮೇಲಿನ ಬದುಕಿನಲ್ಲಿ, ಅದರಲ್ಲೂ ಗಣನೀಯ ಭಾಗ ತೀರ ಈಚಿನ ದಶಕಗಳಲ್ಲಿ ಎಂಬುದು ಪ್ರಸ್ತುತ ಲೇಖನದ ವಾದ.

ಮೊದಲಿಗೆ ಮೂಲದ ಪ್ರಶ್ನೆ. ದಖ್ಖನಿನ ಇತಿಹಾಸದಲ್ಲಿ ಆಫ್ರಿಕಾ ಮೂಲದವರೆಂದರೆ ಅಹಮದನಗರದ ಮಲಿಕ್ ಅಂಬರ್, ಬಿಜಾಪುರದ ಇಖ್ಲಾಸ್ ಖಾನ್, ಜಂಜೀರಾದ ನವಾಬರು ಥಟ್ಟನೆ ನೆನಪಾಗುವುದರಿಂದ, ಉತ್ತರ ಕನ್ನಡದ ಸಿದ್ದಿಗಳನ್ನೂ ಇದೇ ಪರಂಪರೆಗೆ ಜೋಡಿಸುವ ಆಸೆ ಹಲವು ಲೇಖಕರಲ್ಲಿ ಕಾಣುತ್ತದೆ. ಗತವೈಭವದ ಆಕರ್ಷಣೆ ಇಂಥ ಬರಹಗಳಲ್ಲಿ ಸಾಕ್ಷ್ಯಕ್ಕಿಂತ ಮುಂದೆ ಓಡುವುದುಂಟು. ಮಲಿಕ್ ಅಂಬರ್ ಇಥಿಯೋಪಿಯಾದ ಕಡೆಯವನು. ಕೆಂಪು ಸಮುದ್ರ ಮತ್ತು ಅರಬ್ ವ್ಯಾಪಾರದ ದಾರಿಯಿಂದ ಬಂದು ಸೇನೆ ಹಾಗೂ ಆಡಳಿತದಲ್ಲಿ ಮೇಲೇರಿದ ‘ಹಬ್ಶಿ’ಗಳೆಂಬ ವರ್ಗಕ್ಕೆ ಸೇರಿದವನು. ಉತ್ತರ ಕನ್ನಡದ ಸಿದ್ದಿಗಳ ಬಹುಪಾಲು ಪೂರ್ವಿಕರು ಬಂದ ದಾರಿ ಬೇರೆ. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರಿಗೆ ಆಫ್ರಿಕಾದ ಪೂರ್ವ ಕರಾವಳಿಯ ಮೊಜಾಂಬಿಕ್‌ನಲ್ಲೂ ನೆಲೆಯಿದ್ದುದರಿಂದ, ಇವೆರಡರ ನಡುವಿನ ಹಡಗುಗಳು ದಂತ, ಬಟ್ಟೆಗಳೊಂದಿಗೆ ಗುಲಾಮರನ್ನೂ ಸಾಗಿಸುತ್ತಿದ್ದವು. ಗೋವೆಯ ಮನೆಗಳಲ್ಲಿಯೂ ತೋಟಗಳಲ್ಲಿಯೂ ದುಡಿಯುತ್ತಿದ್ದವರಲ್ಲಿ ಕೆಲವರು ಗಡಿ ದಾಟಿ ಸಹ್ಯಾದ್ರಿಯ ಕಾಡಿಗೆ ತಪ್ಪಿಸಿಕೊಂಡರು, ಕೆಲವರು ಘಟ್ಟದ ಭೂಮಾಲೀಕರಿಗೆ ಮಾರಾಟವಾದರು, ಇನ್ನು ಕೆಲವರು ಬಿಡುಗಡೆ ಪಡೆದು ನೆಲ ಹುಡುಕುತ್ತ ಬಂದರು. ಬಿಜಾಪುರದ ಪತನದ ನಂತರ ಚದುರಿದ ಸೈನಿಕರಲ್ಲಿ ಕೆಲವರು ಇವರೊಂದಿಗೆ ಸೇರಿರುವ ಸಾಧ್ಯತೆಯನ್ನು ತಳ್ಳಿಹಾಕಬೇಕಿಲ್ಲ. ಆದರೆ ಅದನ್ನೇ ಮುಖ್ಯ ಧಾರೆಯೆನ್ನಲು ಆಧಾರ ಸಾಲದು.

2011ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನವೊಂದು, ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳೂ ಪಾಲ್ಗೊಂಡಿದ್ದು, ಈ ಚರ್ಚೆಗೆ ಹೊಸ ಬಗೆಯ ಪುರಾವೆಯನ್ನು ಒದಗಿಸಿತು. ತಂದೆಯಿಂದ ಮಗನಿಗೆ ಮಾತ್ರ ಸಾಗುವ ವೈ ವರ್ಣತಂತು, ತಾಯಿಯಿಂದ ಮಕ್ಕಳಿಗೆ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ, ಹಾಗೂ ಇಬ್ಬರಿಂದಲೂ ಬಂದು ಪ್ರತಿ ತಲೆಮಾರಿನಲ್ಲಿ ಬೆರೆಯುವ ಉಳಿದ ವರ್ಣತಂತುಗಳು, ಈ ಮೂರನ್ನೂ ಕರ್ನಾಟಕ ಹಾಗೂ ಗುಜರಾತಿನ ಸಿದ್ದಿಗಳಲ್ಲಿ ಪರಿಶೀಲಿಸಿದಾಗ ಆಫ್ರಿಕಾದ ಅಂಶ ಸರಿಸುಮಾರು ಮೂರನೇ ಎರಡರ ಆಸುಪಾಸಿನಲ್ಲಿರುವುದೂ, ಅದು ಸಹಾರಾದ ದಕ್ಷಿಣದ ಬಾಂಟು ಭಾಷಿಕರೊಂದಿಗೆ, ಎಂದರೆ ಮಧ್ಯ, ಪೂರ್ವ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಹರಡಿರುವ ಒಂದು ದೊಡ್ಡ ಭಾಷಾವರ್ಗದ ಜನರೊಂದಿಗೆ, ನಂಟು ಹೊಂದಿರುವುದೂ ಕಂಡುಬಂದಿತು. ಉಳಿದದ್ದು ಬಹುತೇಕ ನೆರೆಹೊರೆಯ ಭಾರತೀಯ ಜನರದು. ಪೋರ್ಚುಗೀಸರ ಅಲ್ಪಾಂಶವೂ ಇದ್ದೀತೆಂದು ಅಧ್ಯಯನ ಸೂಚಿಸುತ್ತದೆ. ಇಥಿಯೋಪಿಯಾಕ್ಕಿಂತ ಮೊಜಾಂಬಿಕ್‌ನತ್ತ ಬೆರಳು ಮಾಡುವ ಈ ಫಲಿತಾಂಶ ದಾಖಲೆಗಳ ಮಾತಿಗೆ ಒಪ್ಪುವಂತಿದೆ.

ಮಿಶ್ರಣದ ಕಾಲವನ್ನು ಅಧ್ಯಯನವು ಸುಮಾರು ಎಂಟು ತಲೆಮಾರುಗಳಷ್ಟು, ಎಂದರೆ 200 ವರ್ಷಗಳಷ್ಟು, ಹಿಂದಕ್ಕೆ ಇಡುತ್ತದೆ. ಎರಡು ಜನಸಮುದಾಯಗಳು ಬೆರೆತಾಗ ಮೊದಲ ತಲೆಮಾರುಗಳಲ್ಲಿ ಉದ್ದುದ್ದವಾಗಿಯೇ ಉಳಿದಿರುವ ವರ್ಣತಂತುವಿನ ತುಂಡುಗಳು ಮುಂದಿನ ತಲೆಮಾರುಗಳಲ್ಲಿ ಕತ್ತರಿಸಿಕೊಳ್ಳುತ್ತ ಚಿಕ್ಕದಾಗುತ್ತವೆಯಾದ್ದರಿಂದ, ಅವುಗಳ ಉದ್ದದಿಂದ ಕಾಲವನ್ನು ಅಂದಾಜಿಸುವುದು ಸಾಧ್ಯ. ಇಂಥ ಅಂದಾಜು ಸರಾಸರಿಯೇ ಹೊರತು ಪೂರ್ವಿಕರು ಕರಾವಳಿಗೆ ಬಂದಿಳಿದ ತೇದಿಯಲ್ಲ ಎಂಬ ಎಚ್ಚರ ಅಗತ್ಯ. ಆಗಮನವು ಶತಮಾನಗಳುದ್ದಕ್ಕೂ ಹಂತಹಂತವಾಗಿ ನಡೆದಿದ್ದರೂ ಸ್ಥಳೀಯರೊಂದಿಗಿನ ಬೆರಕೆ ಹೆಚ್ಚಿದ್ದು ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳ ಸುಮಾರಿಗೆ ಎಂದಷ್ಟೇ ಇದರಿಂದ ಊಹಿಸಬಹುದು. ಸಮುದಾಯವು ಮೊದಲಿನಿಂದಲೂ ಹೊರಗಿನವರಿಗೆ ಬಾಗಿಲು ಮುಚ್ಚಿಕೊಂಡಿತ್ತೆಂಬ ಪ್ರಚಲಿತ ಚಿತ್ರಕ್ಕೆ ಈ ಅಂಕಿಗಳಲ್ಲಿ ಎಡೆಯಿಲ್ಲ.

ಧರ್ಮದ ಹಂಚಿಕೆ ಹೆಚ್ಚುಕಡಿಮೆ ದುಡಿಮೆಯ ಹಂಚಿಕೆಯನ್ನೇ ಹಿಂಬಾಲಿಸಿದೆ. ಯಲ್ಲಾಪುರ, ಅಂಕೋಲಾ ಕಡೆ ಹವ್ಯಕರ ಅಡಿಕೆ ತೋಟಗಳನ್ನು ಆಶ್ರಯಿಸಿದವರು ಹಿಂದೂಗಳಾದರು. ಗೋವೆಯ ಚರ್ಚಿನ ಸಂಪರ್ಕವನ್ನು ಉಳಿಸಿಕೊಂಡವರು ಹಳಿಯಾಳದ ಸುತ್ತ ಕ್ರೈಸ್ತರಾಗಿಯೇ ಮುಂದುವರಿದರು. ಮುಸ್ಲಿಂ ಸಿದ್ದಿಗಳೂ ಅದೇ ಬದಿಯಲ್ಲಿ ಹೆಚ್ಚು. ಮಾತಿನಲ್ಲಿ ಮರಾಠಿ, ಕನ್ನಡಗಳನ್ನು ಬೆರೆಸಿಕೊಂಡ ಕೊಂಕಣಿ ಬಹುಮಂದಿಯದಾದರೆ, ಮುಸ್ಲಿಮರಲ್ಲಿ ಉರ್ದು ಇದೆ. ಆಫ್ರಿಕಾದ ಭಾಷೆ ಉಳಿದಿಲ್ಲ. ಧರ್ಮದಾಚೆಗೆ ಇವರನ್ನು ಹಿಡಿದಿಟ್ಟಿರುವುದು ಡಮಾಮಿ ವಾದ್ಯ ಮತ್ತು ಅದರೊಂದಿಗಿನ ಕುಣಿತ, ಯಲ್ಲಾಪುರ ತಾಲೂಕಿನ ಸಾತುಂಬೈಲಿನ ಸಿದ್ದಿನ್ಯಾಸ ಎಂಬ ದೈವದ ನೆಲೆ, ಹಾಗೂ ಗತಿಸಿದ ಪೂರ್ವಿಕರನ್ನು ಮನೆಯಲ್ಲಿ ತೆಂಗಿನಕಾಯಿಯ ರೂಪದಲ್ಲಿಟ್ಟು ಪೂಜಿಸುವ ‘ಹಿರಿಯರ’ ಆರಾಧನೆ. ಇವುಗಳಲ್ಲಿ ಕೊನೆಯದು ಘಟ್ಟದ ಇತರ ಜಾತಿಗಳಲ್ಲೂ ಕಾಣುವ ಆಚರಣೆಯೇ ಆಗಿರುವುದರಿಂದ ಅದನ್ನು ಆಫ್ರಿಕಾದ ಅವಶೇಷವೆಂದು ಆತುರದಿಂದ ಕರೆಯುವುದು ಸಲ್ಲದು. ಹಿಂದೂ ಹಾಗೂ ಕ್ರೈಸ್ತ ಸಿದ್ದಿಗಳ ನಡುವೆ ಮದುವೆಗಳು ನಡೆಯುತ್ತವೆ; ಮುಸ್ಲಿಮರೊಂದಿಗಿನ ಸಂಬಂಧ ಅದಕ್ಕೆ ಹೋಲಿಸಿದರೆ ಅಪರೂಪ.

ಈ ಸಡಿಲ ಹೆಣಿಗೆಗೆ ಬಿಗಿ ತಂದದ್ದು ಸಂಘಟನೆ ಮತ್ತು ಸರ್ಕಾರದ ವರ್ಗೀಕರಣ. ಮೂರು ಧರ್ಮದವರೂ ಒಂದೇ ವೇದಿಕೆಗೆ ಬಂದದ್ದು 1980ರ ದಶಕದಲ್ಲಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ. ಪರಿಶಿಷ್ಟ ಜಾತಿಗೆ ಧರ್ಮದ ಷರತ್ತು ಇದೆ: ಹಿಂದೂ, ಸಿಖ್, ಬೌದ್ಧರಲ್ಲದವರಿಗೆ ಆ ಸ್ಥಾನ ದೊರೆಯದು. ಪರಿಶಿಷ್ಟ ಪಂಗಡಕ್ಕೆ ಅಂಥ ಷರತ್ತಿಲ್ಲ. ಸಿದ್ದಿಗಳನ್ನು ಜಾತಿಯೆಂದು ಗಣಿಸಿದ್ದರೆ ಒಂದೇ ಬಳಗದ ಹಿಂದೂ ಮನೆಗೆ ದೊರೆತ ಸೌಲಭ್ಯ ಕ್ರೈಸ್ತ ಮನೆಗೆ ತಪ್ಪಿ, ಧರ್ಮದ ಗೆರೆ ಸಮುದಾಯದ ಗೆರೆಯೇ ಆಗಿಬಿಡುತ್ತಿತ್ತು. ಪಂಗಡವೆಂದು ಗಣಿಸಿದ್ದರಿಂದ ‘ಸಿದ್ದಿ’ ಎಂಬ ಹೆಸರಿಗೆ ಮೂರೂ ಧರ್ಮಗಳನ್ನು ಮೀರಿದ ಕಾನೂನಿನ ಬೆಲೆ ಬಂತು.

ಇದರಲ್ಲೊಂದು ವಿಪರ್ಯಾಸವೂ ಇದೆ. 1965ರ ಲೋಕೂರ್ ಸಮಿತಿ ಪಂಗಡವನ್ನು ಗುರುತಿಸಲು ಹೇಳಿದ ಲಕ್ಷಣಗಳಲ್ಲಿ ಆದಿಮತೆ, ಭೌಗೋಳಿಕ ಪ್ರತ್ಯೇಕತೆ ಮತ್ತು ಹೊರಗಿನವರೊಂದಿಗೆ ಬೆರೆಯುವ ಸಂಕೋಚ ಸೇರಿವೆ. ಸಾಗರದಾಚೆಯ ವ್ಯಾಪಾರವೇ ಇಲ್ಲಿಗೆ ತಂದ, ಹಲವು ರಾಜ್ಯಗಳ ಮಾರುಕಟ್ಟೆಯನ್ನು ಹಾದುಬಂದ ಜನರ ಪ್ರತ್ಯೇಕತೆಯು ಆದಿಮವಾದದ್ದಾಗಿರಲು ಸಾಧ್ಯವಿಲ್ಲ; ಅದು ತಪ್ಪಿಸಿಕೊಂಡು ಬದುಕಬೇಕಾದವರು ಆಯ್ದುಕೊಂಡ, ಆಮೇಲೆ ಜೀತ ಹಾಗೂ ಅಸ್ಪೃಶ್ಯತೆಗಳು ಗಟ್ಟಿಗೊಳಿಸಿದ ಪ್ರತ್ಯೇಕತೆ. ಪಟ್ಟಿಯ ಗೆರೆಯನ್ನು ಜಿಲ್ಲೆಗೆ ಸೀಮಿತಗೊಳಿಸಿದ್ದರಿಂದ ಹಳಿಯಾಳದ ಸಿದ್ದಿ ಪಂಗಡದವನಾಗಿ, ಪಕ್ಕದ ಧಾರವಾಡ ಜಿಲ್ಲೆಯಲ್ಲಿರುವ ಅವನ ನೆಂಟ ಅದರಿಂದ ಹೊರಗುಳಿಯುವ ಪರಿಸ್ಥಿತಿ ಹದಿನೇಳು ವರ್ಷ ಮುಂದುವರಿಯಿತು. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಪಟ್ಟಿಗೆ ಸೇರಿದ್ದು 2020ರ ತಿದ್ದುಪಡಿಯಿಂದ.