ಮಡಚುವ ಚಾಕು ಮತ್ತು ಊರ ಮುಂದಿನ ವೀರಗಲ್ಲು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಹಳೆಯ ಊರುಗಳಲ್ಲಿ ಕೆರೆ ಏರಿಯ ಮೇಲೋ, ಗುಡಿಯ ಪಕ್ಕದಲ್ಲೋ, ಹೊಲದ ಬದುವಿನಲ್ಲೋ ವೀರಗಲ್ಲುಗಳು ಸಿಗುತ್ತವೆ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಸತ್ತವನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಬಹಳಷ್ಟು ಕಲ್ಲುಗಳಲ್ಲಿ ವೀರನ ಕೈಯಲ್ಲಿ ಕತ್ತಿಯೋ ಬಿಲ್ಲೋ ಇರುತ್ತದೆ, ಸೊಂಟದಲ್ಲಿ ಒಂದು ಬಾಕು ಇರುತ್ತದೆ.

ಈ ಊರುಗಳ ಹುಡುಗರ ಫೋನಿನಲ್ಲಿ ಈಗ ಇನ್ನೊಂದು ಚಾಕು ಕಾಣಿಸುತ್ತಿದೆ. ದೊಡ್ಡ ಅಲಗು, ಕಪ್ಪು ಹಿಡಿ, ಬೆರಳು ತಾಗಿಸಿದರೆ ಬಿಚ್ಚಿಕೊಳ್ಳುವ ಮಡಚುವ ಚಾಕು. ಜಾಹೀರಾತಿನಲ್ಲಿ ಎರಡು ಕಾರಣ ಹೇಳುತ್ತಾರೆ: ಆತ್ಮರಕ್ಷಣೆಗೆ ಇರಲಿ, ಸಂಗ್ರಹಕ್ಕೆ ಇರಲಿ. ಇದು ನಿಜಕ್ಕೂ ಏನಕ್ಕೆ ಆಗುತ್ತದೆ, ಏನಕ್ಕೆ ಆಗುವುದಿಲ್ಲ ಎಂದು ತಿಳಿಯಲು ಚಾಕುವಿನ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡೋಣ.

ಮೊದಲು ನಮ್ಮ ಕಲ್ಲುಗಳು. ಗಂಗರು ಮತ್ತು ನೊಳಂಬರ ಕಾಲದಲ್ಲಿ ಈ ಸೀಮೆ ಗಡಿನಾಡಾಗಿತ್ತು. ದನ ಹೊಡೆದುಕೊಂಡು ಹೋಗುವುದು, ಊರಿಗೆ ನುಗ್ಗುವುದು, ಹುಲಿ ಬರುವುದು ಆಗಾಗ ನಡೆಯುತ್ತಿತ್ತು. ತುರುಗಳನ್ನು ಬಿಡಿಸಲು ಹೋಗಿ ಸತ್ತವರಿಗೆ, ಹುಲಿಯೊಡನೆ ಹೋರಾಡಿ ಸತ್ತವರಿಗೆ ಊರು ಕಲ್ಲು ನಿಲ್ಲಿಸಿತು. ಮನೆಯವರಿಗೆ ಭೂಮಿಯನ್ನೂ ಕೊಟ್ಟಿತು. ಅಂಥ ದಾನಕ್ಕೆ ಶಾಸನಗಳಲ್ಲಿ ‘ನೆತ್ತರುಗೊಡಗೆ’, ‘ಬಾಳ್ಗಳ್ಚು’ ಎಂಬ ಹೆಸರುಗಳಿವೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಕತ್ತಿ ತೊಳೆದು ಕೊಟ್ಟ ಭೂಮಿ ಎಂದು ಅರ್ಥ. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ನಮ್ಮ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟವಾಗಿ ಅಚ್ಚು ಹಾಕಿಸಿದರು.

ಗಮನಿಸಬೇಕಾದ ಮಾತು ಇದು. ಕಲ್ಲಿನ ಮೇಲಿನ ಆಯುಧ ಎಲ್ಲರಿಗೂ ಕಾಣುವಂತಿದೆ, ಅದನ್ನು ಹಿಡಿದವನು ಊರಿನ ಪರವಾಗಿ ನಿಂತಿದ್ದಾನೆ. ಕೊಡಗಿನಲ್ಲೂ ಹಾಗೆಯೇ. ಕುಪ್ಯದ ಮೇಲೆ ಚೇಲೆ ಕಟ್ಟಿ ಅದರ ಮುಂದೆ ಪೀಚೆಕತ್ತಿ ಸಿಕ್ಕಿಸುತ್ತಾರೆ. ಒಡಿಕತ್ತಿಯನ್ನು ಬೆನ್ನ ಹಿಂದೆ ತೋಡಂಗ್‌ನಲ್ಲಿ ತೊಡುತ್ತಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಮಾಡುತ್ತಾರೆ. ಅಲ್ಲಿ ಆಯುಧವನ್ನು ಯಾರೂ ಬಚ್ಚಿಡುವುದಿಲ್ಲ, ಅದು ಉಡುಪಿನ ಭಾಗ.

ಮಡಚುವ ಚಾಕುವಿನ ಕಥೆ ಬೇರೆ. ಅದು ಹುಟ್ಟಿದ್ದೇ ಜೇಬಿಗಾಗಿ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸುಮಾರು 2,500 ವರ್ಷ ಹಿಂದಿನ ಮಡಚುವ ಚಾಕು ಸಿಕ್ಕಿದೆ. ಫ್ರಾನ್ಸಿನ ಸವಾಯ್ ಬೆಟ್ಟಸೀಮೆಯಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಮಾಡಿದ ಮರದ ಹಿಡಿಯ ಚಾಕು ರೈತರ ಚಾಕು. ರೊಟ್ಟಿ ಕೊಯ್ಯಲು, ಕಡ್ಡಿ ಸವರಲು ಬಳಸುತ್ತಿದ್ದರು. ಬಳಸುವಾಗ ತಾನಾಗಿ ಮಡಚಿಕೊಂಡು ಬೆರಳು ಕತ್ತರಿಸಬಾರದೆಂದು 1955ರಲ್ಲಿ ಅದಕ್ಕೆ ತಿರುಗುವ ಉಂಗುರದ ಬೀಗ ಬಂತು. ಸ್ವಿಟ್ಜರ್ಲೆಂಡಿನ ಸೈನಿಕರಿಗೆ 1891ರಲ್ಲಿ ಕೊಟ್ಟ ಚಾಕುವಿನಲ್ಲೂ ಅಲಗಿನ ಜೊತೆ ಡಬ್ಬಿ ತೆರೆಯುವ ಕೊಕ್ಕೆ ಮತ್ತು ಸ್ಕ್ರೂಡ್ರೈವರ್ ಇದ್ದವು. ನಮ್ಮ ಮಾವಿನ ತೋಟಗಳಲ್ಲಿ ಕಸಿ ಕಟ್ಟುವವರ ಜೇಬಿನಲ್ಲಿರುವ ಚಿಕ್ಕ ಕಸಿ ಚಾಕು ಇದೇ ವಂಶದ್ದು.

ಈ ಕೆಲಸದ ಚಾಕುವನ್ನು ನಮ್ಮ ದೇಶದಲ್ಲಿ ಹೆದರಿಸುವ ಚಾಕುವಾಗಿ ಪ್ರಸಿದ್ಧಿ ಮಾಡಿದ್ದು ಉತ್ತರ ಪ್ರದೇಶದ ರಾಂಪುರ. ನವಾಬರ ಕಾಲದಿಂದ ಅಲ್ಲಿನ ಕುಶಲಕರ್ಮಿಗಳು ಹಿತ್ತಾಳೆ ಹಿಡಿಯ, ಉದ್ದ ಅಲಗಿನ ಚಾಕು ಮಾಡುತ್ತಿದ್ದರು. ಹಿಂದಿ ಸಿನಿಮಾದ ಖಳರ ಕೈಯಲ್ಲಿ ‘ಟಕ್’ ಎಂದು ಬಿಚ್ಚಿಕೊಂಡು ಅದು ದೇಶವೆಲ್ಲ ಹೆಸರಾಯಿತು. 1990ರ ದಶಕದಲ್ಲಿ ಉತ್ತರ ಪ್ರದೇಶ ಸರ್ಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿನ ರಾಂಪುರಿಗೆ ತಡೆ ಹಾಕಿತು, ಕುಲುಮೆಗಳು ಒಂದೊಂದಾಗಿ ಆರಿದವು. 2023ರಲ್ಲಿ ಅದೇ ಊರಿನಲ್ಲಿ ಸುಮಾರು 20 ಅಡಿ ಉದ್ದದ ರಾಂಪುರಿ ಚಾಕುವಿನ ಪ್ರತಿಮೆ ನಿಲ್ಲಿಸಿ, ಆ ಜಾಗಕ್ಕೆ ಚಾಕು ಚೌಕ ಎಂದು ಹೆಸರಿಟ್ಟರು. ಜೇಬಿನಲ್ಲಿ ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಿದ್ದ ವಸ್ತು ಚೌಕದಲ್ಲಿ ಬಯಲಿಗೆ ಬಂದ ಮೇಲೆ ಊರಿನ ಹೆಮ್ಮೆಯಾಯಿತು.

ಈಗ ಜಾಹೀರಾತಿನ ಮೊದಲ ಮಾತಿಗೆ ಬರೋಣ: ಆತ್ಮರಕ್ಷಣೆ. ಭಯ ಸುಳ್ಳಲ್ಲ. ರಾತ್ರಿ ಕರೆಂಟು ಬಂದಾಗ ಮೋಟಾರು ಹಾಕಲು ಒಬ್ಬರೇ ತೋಟಕ್ಕೆ ಹೋಗಬೇಕು. ಗೂಡು ಮಾರಿಯೋ ತರಕಾರಿ ಮಾರಿಯೋ ಹೊತ್ತು ಮೀರಿ ಮನೆಗೆ ಬರಬೇಕು. ಹೆಣ್ಣುಮಕ್ಕಳು ಬಸ್ಸಿಳಿದು ಕತ್ತಲಲ್ಲಿ ನಡೆಯಬೇಕು.

ಆದರೆ ಆ ಕ್ಷಣದಲ್ಲಿ ಮಡಚುವ ಚಾಕು ಏನು ಮಾಡುತ್ತದೆ? ಜೇಬಿನಿಂದ ತೆಗೆಯಬೇಕು, ಬಿಚ್ಚಬೇಕು, ಬೀಗ ಬಿತ್ತೇ ಎಂದು ನೋಡಬೇಕು. ಗಾಬರಿಯಲ್ಲಿ ಕೈ ನಡುಗುತ್ತದೆ. ಕೀಲು ಸಡಿಲವಾಗಿದ್ದರೆ ಅಲಗು ನಿಮ್ಮ ಬೆರಳ ಮೇಲೆಯೇ ಮಡಚಿಕೊಳ್ಳುತ್ತದೆ. ಚಾಕು ತಾಗಬೇಕಾದರೆ ಎದುರಿನವನು ನಿಮ್ಮ ತೋಳಿನ ಅಳತೆಯೊಳಗೆ ಬರಬೇಕು. ಅಂದರೆ ನಿಮ್ಮ ಕೈಯಿಂದ ಕಿತ್ತುಕೊಳ್ಳುವಷ್ಟು ಹತ್ತಿರ. ಮಾತಿನಲ್ಲಿ ಮುಗಿಯಬೇಕಿದ್ದ ಜಗಳ ಚಾಕು ಹೊರಬಂದ ಕೂಡಲೇ ಪ್ರಾಣದ ಪ್ರಶ್ನೆಯಾಗುತ್ತದೆ.

ಆಮೇಲೆ ಕಾನೂನು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ಆದರೆ ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೂ ಈ ಹಕ್ಕು ಸಿಗುವುದಿಲ್ಲ. ಕೈಯಿಂದ ತಳ್ಳಿದವನಿಗೆ ಚಾಕು ಹಾಕಿದರೆ ದೂರು ಕೊಡಬೇಕಾದವರೇ ಆರೋಪಿ ಆಗಬಹುದು.

ಆಯುಧ ಕಾಯ್ದೆ 1959ರದ್ದು. ಅದರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕು, ಕತ್ತಿ, ಬಾಕುಗಳನ್ನು ಆಯುಧದ ಪಟ್ಟಿಗೆ ಸೇರಿಸಿದ್ದಾರೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವುಗಳನ್ನು ಹೊರಗಿಟ್ಟಿದ್ದಾರೆ. ಆದ್ದರಿಂದ ಹಿಪ್ಪುನೇರಳೆ ಕೊಯ್ಯುವ ಕುಡುಗೋಲು, ಕಾಯಿ ಸುಲಿಯುವ ಮಚ್ಚು ಹೊಲದ ಕೆಲಸದಲ್ಲಿರುವಾಗ ಯಾರೂ ಕೇಳುವುದಿಲ್ಲ. ಅದೇ ಮಚ್ಚು ಬೈಕಿನ ಸೀಟಿನ ಕೆಳಗೆ ಸಿಕ್ಕರೆ ಪ್ರಶ್ನೆ ಬೇರೆಯಾಗುತ್ತದೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ ಪಟ್ಟಿಯ ಆಯುಧವನ್ನು ಪರವಾನಗಿ ಇಲ್ಲದೆ ಇಟ್ಟುಕೊಂಡರೆ ಒಂದರಿಂದ ಮೂರು ವರ್ಷ ಜೈಲು.

ಅಳತೆ ಎಲ್ಲ ಕಡೆ ಒಂದೇ ಅಲ್ಲ. ದೆಹಲಿಯಲ್ಲಿ 1980ರ ಅಧಿಸೂಚನೆಯ ಪ್ರಕಾರ ಬಟನ್ ಒತ್ತಿದರೆ ಬಿಚ್ಚುವ ಚಾಕುವಿಗೆ 7.62 ಸೆಂಟಿಮೀಟರ್, ಅಂದರೆ ಮೂರೇ ಇಂಚು ಉದ್ದ ಮತ್ತು 1.72 ಸೆಂಟಿಮೀಟರ್ ಅಗಲ ಇದ್ದರೂ ಸಾಕು, ಪ್ರಕರಣ ಆಗುತ್ತದೆ. ನಮ್ಮಲ್ಲೂ ಚುನಾವಣೆ, ಗಲಭೆ ಹೊತ್ತಿನಲ್ಲಿ ನಿಷೇಧಾಜ್ಞೆ ಇದ್ದರೆ ಚಾಕು ಹಿಡಿದು ತಿರುಗುವುದೇ ತಪ್ಪಾಗಬಹುದು. ಆನ್‌ಲೈನಿನಲ್ಲಿ ಮಾರುತ್ತಾರೆ ಎಂದ ಮಾತ್ರಕ್ಕೆ ಜೇಬಿನಲ್ಲಿ ಇಟ್ಟುಕೊಳ್ಳಬಹುದು ಎಂದಲ್ಲ.

ಹಾಗಾದರೆ ಸಂಗ್ರಹ? ಅದು ಒಳ್ಳೆಯ ಹವ್ಯಾಸವೇ. ಕೊಳ್ಳುವವರು ನೋಡಬೇಕಾದ್ದು ಇಷ್ಟು: ಬಿಚ್ಚಿದಾಗ ಅಲಗು ಅತ್ತಿತ್ತ ಅಲ್ಲಾಡಬಾರದು, ಬೀಗ ಪೂರ್ತಿ ಕೂರಬೇಕು, ಮಡಚಿದಾಗ ತುದಿ ಹಿಡಿಯೊಳಗೆ ಅಡಗಬೇಕು, ಕೀಲಿನ ಮೊಳೆ ಗಟ್ಟಿ ಇರಬೇಕು. ಉಕ್ಕಿನ ಹೆಸರು, ಮಾಡಿದವರ ಗುರುತು ಇದ್ದರೆ ಬೆಲೆ. ಮೂರು ಇಂಚಿನ ಒಳಗಿನ ಕೆಲಸದ ಚಾಕು ತೋಟಕ್ಕೂ ಆಗುತ್ತದೆ. ಎಂಟು-ಒಂಬತ್ತು ಇಂಚಿನದು ತೋರಿಕೆಗೆ ಮಾತ್ರ. ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಮಕ್ಕಳ ಕೈಗೆ ಸಿಗದಂತೆ, ಮನೆಯಲ್ಲೇ ಇರಲಿ.

ಅದಕ್ಕಿಂತ ಬೆಲೆಯುಳ್ಳದ್ದು ನಿಮ್ಮ ಅಟ್ಟದ ಮೇಲೆಯೇ ಇರಬಹುದು. ಆಯುಧಪೂಜೆಯ ದಿನ ಮಾತ್ರ ಕೆಳಗಿಳಿಯುವ ಅಜ್ಜನ ಕಾಲದ ಬಾಕು, ಈಗ ಕೆಲಸ ನಿಂತ ಕುಲುಮೆಯಲ್ಲಿ ಬಡಿದ ಕುಡುಗೋಲು ಇಂಥವು. ನೂರು ವರ್ಷ ದಾಟಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಗುಜರಿಯವನಿಗೆ ಕೆ.ಜಿ. ಲೆಕ್ಕದಲ್ಲಿ ಹಾಕಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಯಾರ ಕಾಲದ್ದು, ಯಾರು ಬಡಿದದ್ದು ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ.

ಚಿಂತಾಮಣಿ ತಾಲ್ಲೂಕಿನ ಕೈವಾರವೇ ಹಿಂದಿನ ಏಕಚಕ್ರಪುರ ಎಂದು ನಮ್ಮ ಜನ ನಂಬುತ್ತಾರೆ. ಬಕಾಸುರನ ಸರದಿ ಬಂದಾಗ ಊರು ಒಂದೊಂದೇ ಮನೆಯನ್ನು ಒಂಟಿಯಾಗಿ ಕಳಿಸುತ್ತಿತ್ತು. ಅದು ನಿಂತದ್ದು ಇನ್ನೊಬ್ಬರ ಮನೆಯ ಸರದಿಗೆ ಭೀಮ ಹೋದಾಗ, ಅದೂ ಬರಿಗೈಯಲ್ಲಿ. ರಾತ್ರಿ ತೋಟಕ್ಕೆ ಹೋಗುವವರು ಪಕ್ಕದ ಹೊಲದವರನ್ನು ಕರೆದುಕೊಂಡು ಹೋಗಿ. ಒಳ್ಳೆಯ ಟಾರ್ಚು ಇರಲಿ, ಸೀಟಿ ಇರಲಿ, ಫೋನಿನಲ್ಲಿ 112 ಇರಲಿ. ಬಸ್‌ಸ್ಟಾಪಿಗೆ ದೀಪ ಬೇಕೆಂದು ಗ್ರಾಮಸಭೆಯಲ್ಲಿ ಬರೆಸಿ. ಚಾಕುವಿಗೆ ಸುರಿಯುವ ಒಂದೆರಡು ಸಾವಿರ ರೂಪಾಯಿಯಲ್ಲಿ ಇವುಗಳಲ್ಲಿ ಬಹುಪಾಲು ಆಗುತ್ತದೆ, ಪೊಲೀಸ್ ಠಾಣೆಗೆ ಅಲೆಯುವುದೂ ತಪ್ಪುತ್ತದೆ.