ನೀರಿನ ಋಣ

ಊರಿನ ನೀರಿನ ಋಣವೆನ್ನುವ ಮಾತು ಇಂಗ್ಲೆಂಡಿನ ಬರ್ಟನ್ ಪಟ್ಟಣದ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ನೆನಪಾಗುತ್ತದೆ. ಅಲ್ಲಿಯ ಬಾವಿಗಳ ನೀರು ಜಿಪ್ಸಂ ಪದರಗಳಲ್ಲಿ ಹಾದು ಬರುವಂಥದು. ಅದರ ಕ್ಯಾಲ್ಸಿಯಂ ಬಿಯರಿನ ಬಾರ್ಲಿಗಂಜಿಗೆ ತಕ್ಕ ಹುಳಿಯ ಹದವನ್ನು ತರುತ್ತದೆ. ಸಲ್ಫೇಟು ಹಾಪ್ ಹೂವಿನ ಕಹಿಯನ್ನು ಚುರುಕುಗೊಳಿಸುತ್ತದೆ.

ಲಂಡನ್ನಿನ ನೀರಿನಲ್ಲಿಯಾದರೋ ಬೈಕಾರ್ಬನೇಟು ಹೆಚ್ಚು. ಕಪ್ಪಗೆ ಹುರಿದ ಕಾಳಿನ ಆಮ್ಲವೇ ಅದಕ್ಕೆ ಮದ್ದು. ಅಲ್ಲಿ ಕುದುರಿದ್ದು ಕಪ್ಪು ಪೋರ್ಟರ್. 1822ರ ಸುಮಾರಿನಲ್ಲಿ ಬರ್ಟನ್ನಿನ ಸ್ಯಾಮ್ಯುಯೆಲ್ ಆಲ್ಸಪ್ ಭಾರತಕ್ಕೆಂದು ತಯಾರಿಸತೊಡಗಿದ ತಿಳಿಬಣ್ಣದ ಬಿಯರು ಮುಂದೆ ಕಲ್ಕತ್ತೆಯ ಪೇಟೆಯಲ್ಲಿ ಲಂಡನ್ನಿನದನ್ನು ಹಿಂದಿಕ್ಕಿತು. ಲಂಡನ್ನಿನ ಕೆಲವು ತಯಾರಕರು ಆ ನೀರನ್ನರಸಿ ಬರ್ಟನ್ನಿಗೇ ಬಂದರು.

ಆಮೇಲೆ ರಸಾಯನಶಾಸ್ತ್ರಜ್ಞರು ನೀರಿನ ಗುಟ್ಟನ್ನು ಬಿಡಿಸಿದರು. ಜಿಪ್ಸಂ ಬೆರೆಸಿ ಅನ್ಯ ಊರಿನ ನೀರನ್ನೂ ಬರ್ಟನ್ನಿನಂತೆ ಮಾಡುವುದು ಸಾಧ್ಯವಾಯಿತು. ನೆಲದ ವರವು ಚೀಲದ ಪುಡಿಯಾಯಿತು. ಅರಿವು ಲೋಕಕ್ಕೆ ಲಾಭವೇ ಸರಿ. ಬರ್ಟನ್ನಿಗೆ ಮಾತ್ರ ಅಂದು ನೀರಿನ ಋಣ ಹರಿಯಿತು.